ಗಾಯ ಕಟ್ಟುವ ಪರದೇಶಿ ಮತ್ತು ಸರ್ಕಾರದ ಆದೇಶ



2011ರ ಜೂನ್ ತಿಂಗಳಲ್ಲಿ ನಮ್ಮ ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲೇ ನಡೆದ ಪ್ರಸಂಗವೊಂದನ್ನು ನಿಮ್ಮಲ್ಲಿ ಕೆಲವರಾದರೂ ಮರೆತಿರಲಾರಿರಿ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಬ್ರಿಟಿಷ್ ಪ್ರಜೆ ಸಿಸ್ಟರ್ ಜ್ಯಾಕ್ಲೀನ್ ಜೀನ್ ಮೆಕ್‌ಇವನ್ ಅವರ ನಿವಾಸ ಪರವಾನಗಿಯನ್ನು ನವೀಕರಿಸಲು ಸರ್ಕಾರ ಒಪ್ಪಲಿಲ್ಲ. ದೇಶ ಬಿಟ್ಟು ಹೊರಡಬೇಕೆಂಬ ಸೂಚನೆ ಅವರ ಕೈ ಸೇರಿತು. ಅವರು ಭಾರತಕ್ಕೆ ಬಂದದ್ದು 1982ರಲ್ಲಿ. ಅಲ್ಲಿಗೆ 29 ವರ್ಷಗಳಾಗಿದ್ದವು, ವಯಸ್ಸು ಅರವತ್ತು ದಾಟಿತ್ತು. ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು, ನಾಡಿನ ಹಲವರು ದನಿ ಎತ್ತಿದರು. ಕೊನೆಗೆ ಆಗಿನ ಕೇಂದ್ರ ಗೃಹ ಸಚಿವ ಪಿ. ಚಿದಂಬರಂ ಅವರು ಮಧ್ಯೆ ಪ್ರವೇಶಿಸಿ ಸಿಸ್ಟರ್ ಜೀನ್ ಇಲ್ಲೇ ಉಳಿಯಲು ಅವಕಾಶ ಮಾಡಿಕೊಟ್ಟರು.

ಕಥೆ ಸುಖಾಂತವಾಯಿತು, ನಾವೂ ಮರೆತೆವು. ಆದರೆ ಅದನ್ನು ಮತ್ತೊಮ್ಮೆ ಬಿಚ್ಚಿ ನೋಡುವುದು ನಮ್ಮ ವಿಶ್ವಾಸಕ್ಕೂ ಪೌರಜ್ಞಾನಕ್ಕೂ ಒಳ್ಳೆಯದು. ಸಚಿವರ ಕಿವಿಗೆ ಬೀಳದೇ ಹೋದ ಪ್ರಕರಣಗಳ ಗತಿ ಏನು? ಸೇವೆಗೆ ಬಂದ ಪರದೇಶಿಯನ್ನು ಸರ್ಕಾರ ಎಲ್ಲಿಯವರೆಗೆ ಪ್ರಶ್ನಿಸಬಹುದು? ಪ್ರಶ್ನೆ ಎಲ್ಲಿ ಕಿರುಕುಳವಾಗಿ ತಿರುಗುತ್ತದೆ? ಈ ವಾರದ ಪಾಠ ಇಷ್ಟೇ.

ಆದೇಶದ ಭಾರ ಯಾರ ಮೇಲೆ?

ಮೊದಲು ಕುಷ್ಠರೋಗದ ಬಗ್ಗೆ ನಾಲ್ಕು ಮಾತು. ಈ ರೋಗಕ್ಕೆ ಈಗ ಔಷಧವಿದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುವಿಧ ಔಷಧ ಚಿಕಿತ್ಸೆಯನ್ನು ತಪ್ಪದೆ ತೆಗೆದುಕೊಂಡರೆ ಆರು ತಿಂಗಳಿಂದ ಒಂದು ವರ್ಷದೊಳಗೆ ರೋಗ ಗುಣವಾಗುತ್ತದೆ. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ಭಾರತ 2005ರ ಡಿಸೆಂಬರಿನಲ್ಲಿ ಮುಟ್ಟಿತು. ಹಾಗಿದ್ದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ.

ರೋಗ ಹೋದರೂ ಸತ್ತ ನರ ಚಿಗುರುವುದಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದರೆ ಗೊತ್ತಾಗದು, ಬೆರಳಿಗೆ ಒಲೆಯ ಕೆಂಡ ತಾಗಿದರೆ ಗೊತ್ತಾಗದು. ನೋವಿಲ್ಲದ ಕಾರಣ ಮನುಷ್ಯ ಗಾಯದ ಮೇಲೆಯೇ ನಡೆಯುತ್ತಾನೆ. ಗಾಯ ಹುಣ್ಣಾಗುತ್ತದೆ, ಹುಣ್ಣು ಮೂಳೆ ಮುಟ್ಟುತ್ತದೆ. ಇದಕ್ಕೆ ಮಾತ್ರೆಯೊಂದೇ ಸಾಲದು. ದಿನವೂ ಕಾಲನ್ನು ನೀರಿನಲ್ಲಿ ನೆನೆಸಬೇಕು, ದಪ್ಪಗಟ್ಟಿದ ಚರ್ಮವನ್ನು ಉಜ್ಜಿ ತೆಗೆಯಬೇಕು, ಎಣ್ಣೆ ಸವರಬೇಕು. ಹುಣ್ಣಿದ್ದರೆ ತೊಳೆದು ಪಟ್ಟಿ ಕಟ್ಟಬೇಕು. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಹೊಲಿಸಿಕೊಡಬೇಕು, ಅದು ಸವೆದಾಗ ಇನ್ನೊಂದು ಕೊಡಬೇಕು. ವರ್ಷಗಟ್ಟಲೆ ಇದೇ ಕೆಲಸ. ಇಂಥ ಕೆಲಸವನ್ನು ಮಾಡುವವರಿಗೆ ಹೆಸರೂ ಬರುವುದಿಲ್ಲ, ಹಣವೂ ಬರುವುದಿಲ್ಲ. ಮೂಗು ಮುಚ್ಚಿಕೊಳ್ಳದೆ ಹತ್ತಿರ ಕೂರಬಲ್ಲವರೇ ಬೇಕು.

ಸಮಾಜವಂತೂ ಈ ರೋಗಿಗಳನ್ನು ದೂರ ಇಟ್ಟಿತು. ಕಾನೂನೂ ಅದೇ ಕೆಲಸ ಮಾಡಿತು. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆಯನ್ನು ಪುಸ್ತಕದಿಂದ ತೆಗೆದುಹಾಕಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದ್ದರೆ ವಿಚ್ಛೇದನ ಪಡೆಯಬಹುದು ಎಂಬ ನಿಯಮ ಹಲವು ವೈವಾಹಿಕ ಕಾನೂನುಗಳಲ್ಲಿ 2019ರವರೆಗೂ ಇತ್ತು. ಮನೆಯವರು ಬಿಟ್ಟ, ಊರು ಬಿಟ್ಟ, ಕಾನೂನೂ ಬಿಟ್ಟ ಮನುಷ್ಯನ ಕಾಲನ್ನು ಒಬ್ಬ ಪರದೇಶದ ಹೆಂಗಸು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಿ ಕಟ್ಟುತ್ತಾಳೆ ಎಂದುಕೊಳ್ಳಿ. ಅವಳಿಗೆ ಹೊರಡು ಎಂದರೆ ಅವಳು ವಿಮಾನ ಹತ್ತಿ ತನ್ನ ತಾಯ್ನಾಡಿಗೆ ಹೋದಾಳು. ಅಲ್ಲಿ ಅವಳಿಗೊಂದು ಮಠವಿದೆ, ಊಟವಿದೆ, ವೃದ್ಧಾಪ್ಯಕ್ಕೆ ಒಂದು ಕೋಣೆ ಇದೆ. ಉಳಿಯುವುದು ಆ ಕಾಲು, ಆ ಹುಣ್ಣು. ಸಹಿ ಹಾಕುವ ಅಧಿಕಾರಿಗೆ ಕಡತದಲ್ಲಿ ಕಾಣುವುದು ಒಂದು ಪಾಸ್‌ಪೋರ್ಟ್ ಸಂಖ್ಯೆ. ರೋಗಿ ಯೋಚಿಸುವುದು ನಾಳೆ ಬೆಳಗಿನ ಪಟ್ಟಿಯ ಬಗ್ಗೆ. ಆದೇಶ ವಿದೇಶಿಯ ಹೆಸರಿಗೆ ಬರೆದದ್ದು, ಜಾರಿಯಾಗುವುದು ನಮ್ಮ ದೇಶದ ರೋಗಿಯ ಮೇಲೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಸುಮನಹಳ್ಳಿ ಹುಟ್ಟಿದ ಬಗೆಯನ್ನೂ ತಿಳಿದಿರಬೇಕು. 1970ರ ದಶಕದ ಕೊನೆಯಲ್ಲಿ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, ನಗರದ ಕುಷ್ಠರೋಗಿಗಳನ್ನು ನೋಡಿಕೊಳ್ಳಿರೆಂದು ರಾಜ್ಯ ಸರ್ಕಾರವೇ ಧರ್ಮಸಭೆಯನ್ನು ಕೋರಿತು. ಆಗ ಮಹಾಧರ್ಮಾಧ್ಯಕ್ಷರಾಗಿದ್ದವರು ಪಾಕ್ಯಂ ಆರೋಗ್ಯಸ್ವಾಮಿ ಅವರು. ಸರ್ಕಾರ ಗುತ್ತಿಗೆಗೆ ಕೊಟ್ಟ ಜಮೀನಿನಲ್ಲಿ ಕೆಲಸ ಶುರುವಾಯಿತು. ಅಂದರೆ ಕರೆದದ್ದೂ ಸರ್ಕಾರ, ಮೂವತ್ತು ವರ್ಷ ಕಳೆದ ಮೇಲೆ ಅಲ್ಲಿ ಪಟ್ಟಿ ಕಟ್ಟುತ್ತಿದ್ದವರಿಗೆ ಹೊರಡಿ ಎಂದದ್ದೂ ಸರ್ಕಾರ! ಅದೇ ಮಾಗಡಿ ರಸ್ತೆಯಲ್ಲಿರುವ ಸರ್ಕಾರಿ ಭಿಕ್ಷುಕರ ಕಾಲೋನಿಯಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿರ್ಗತಿಕರು ಸತ್ತರು, ಸಮಾಜ ಕಲ್ಯಾಣ ಸಚಿವರಾಗಿದ್ದ ಡಿ. ಸುಧಾಕರ್ ರಾಜೀನಾಮೆ ಕೊಡಬೇಕಾಯಿತು. ಸಿಸ್ಟರ್ ಜೀನ್ ಅವರ ಕೈಗೆ ಸೂಚನೆ ಬಂದದ್ದು ಇದಾಗಿ ವರ್ಷ ತುಂಬುವ ಮೊದಲೇ. ಒಂದಕ್ಕೊಂದು ಸಂಬಂಧ ಕಟ್ಟುತ್ತಿಲ್ಲ. ಆದರೂ ಬಡವನ ಹಾಸಿಗೆಯ ಪಕ್ಕ ಕೂರುವ ಕೈಗಳು ಹೆಚ್ಚಾಗಿದ್ದ ಕಾಲ ಅದಾಗಿರಲಿಲ್ಲ ಎಂಬುದಂತೂ ನಿಜ.

ನಮ್ಮ ಸೀಮೆಯ ಋಣ

ಕೋಲಾರ ಸೀಮೆಯವರಾದ ನಮಗೆ ಈ ವಿಷಯ ದೂರದ್ದಲ್ಲ. ಕೋಲಾರದ ಮಿಷನ್ ಆಸ್ಪತ್ರೆ ಎಂದು ಹಳಬರು ಕರೆಯುವ ಇಟಿಸಿಎಂ ಆಸ್ಪತ್ರೆಯನ್ನು, ಅಂದರೆ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು, ಕಟ್ಟಿದವರು ಅಮೆರಿಕದ ಮೆಥೊಡಿಸ್ಟ್ ಮಿಷನ್‌ನವರು. ಅವರು ನಮ್ಮ ಸಭೆಯವರಲ್ಲ, ಆದರೆ ಅಲ್ಲಿ ಹುಟ್ಟಿದ ಮಕ್ಕಳು ಎಲ್ಲ ಜಾತಿ, ಎಲ್ಲ ಮತದವರು. ಮಾಲೂರು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆ ಭೇಟಿಗೆ ಹೋದಾಗ, ತಮ್ಮ ಹೆರಿಗೆ ಮಾಡಿಸಿದ ದೊರೆಸಾನಿ ಡಾಕ್ಟರಮ್ಮನನ್ನು ನೆನೆಯುವ ಅಜ್ಜಿಯರು ಈಗಲೂ ಅಪರೂಪಕ್ಕೆ ಸಿಗುತ್ತಾರೆ. ಮುಳಬಾಗಿಲಿನವರಿಗೆ ಕಾಯಿಲೆ ಜೋರಾದರೆ ನಂಗಲಿ ದಾಟಿ ಪಲಮನೇರು, ಚಿತ್ತೂರಿನ ಮೇಲೆ ವೆಲ್ಲೂರಿಗೆ ಹೋಗುವುದು ತಲೆಮಾರುಗಳ ರೂಢಿ. ಆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯನ್ನು ಸ್ಥಾಪಿಸಿದವರು ಅಮೆರಿಕ ಮೂಲದ ಡಾ. ಈಡಾ ಸ್ಕಡರ್. ಕುಷ್ಠರೋಗಿಯ ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದ ಕಾರಣ ಆಗುವ ಗಾಯಗಳಿಂದಲೇ ಹಾಳಾಗುತ್ತದೆ ಎಂಬುದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಮುಖ್ಯರಾದ ಡಾ. ಪಾಲ್ ಬ್ರ್ಯಾಂಡ್ ಕೆಲಸ ಮಾಡಿದ್ದೂ ಅಲ್ಲಿಯೇ. ಹುಣ್ಣಿನ ಕಾಲಿಗೆ ಎಣ್ಣೆ, ನೀರು, ಚಪ್ಪಲಿ ಎಂದು ಮೇಲೆ ಬರೆದದ್ದರ ಹಿಂದೆ ಅವರಂಥವರ ದುಡಿಮೆ ಇದೆ.

ಇನ್ನೊಬ್ಬರನ್ನು ಇಲ್ಲಿ ವಿವರವಾಗಿಯೇ ನೆನೆಯಬೇಕು. ಸ್ಪೇನ್ ದೇಶದ ವಿಸೆಂಟೆ ಫೆರರ್ 1952ರಲ್ಲಿ ಯೇಸುಸಭೆಯವರಾಗಿ ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನ್ಮಾಡ್ ಸುತ್ತ ಬಡ ರೈತರ ಜೊತೆ ಸೇರಿ ಬಾವಿ ತೋಡಿಸಿದರು. ನೀರು ಬಂದಾಗ ಜನ ಅವರ ಕಡೆ ತಿರುಗಿದರು. ಊರಿನ ಬಲಾಢ್ಯರಿಗೆ ಅದು ಹಿಡಿಸಲಿಲ್ಲ. 1968ರಲ್ಲಿ ದೇಶ ಬಿಡುವಂತೆ ಆದೇಶವಾಯಿತು. ಆಗ ಸಾವಿರಾರು ರೈತರು ಬೀದಿಗಿಳಿದರು, ಅವರಲ್ಲಿ ಕ್ರೈಸ್ತರಲ್ಲದವರೇ ಬಹಳ. ಪ್ರಧಾನಿ ಇಂದಿರಾ ಗಾಂಧಿಯವರು ಜಾಣ ದಾರಿಯೊಂದನ್ನು ಹುಡುಕಿದರು: ಅವರು ಸ್ವಲ್ಪ ಕಾಲ ಹೊರದೇಶಕ್ಕೆ ಹೋಗಿ ಬರಲಿ, ಮತ್ತೆ ಸ್ವಾಗತಿಸುತ್ತೇವೆ ಎಂದರು. 1969ರಲ್ಲಿ ಫೆರರ್ ಮರಳಿ ಬಂದು ನೆಲೆಸಿದ್ದು ಅನಂತಪುರದಲ್ಲಿ. ಆಗಿನ ಅನಂತಪುರ ಜಿಲ್ಲೆ ಆಗಿನ ನಮ್ಮ ಕೋಲಾರ ಜಿಲ್ಲೆಯ ಬಾಗೇಪಲ್ಲಿ, ಗೌರಿಬಿದನೂರು ತಾಲ್ಲೂಕುಗಳ ಪಕ್ಕಕ್ಕೇ ಇತ್ತು. ಮುಂದೆ ಅವರು ಯೇಸುಸಭೆಯಿಂದ ಹೊರಬಂದು ಸಂಸಾರಿಯಾದರು. ಆದರೆ ಸೇವೆ ಬಿಡಲಿಲ್ಲ. ಅವರು ಕಟ್ಟಿದ ಆರ್‌ಡಿಟಿ ಸಂಸ್ಥೆಯ ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲು ಆಸ್ಪತ್ರೆಗಳು ಬರಗಾಲದ ಸೀಮೆಯ ಬಡವರಿಗೆ ಆಸರೆಯಾದವು. 2009ರ ಜೂನ್‌ನಲ್ಲಿ ಅನಂತಪುರದಲ್ಲೇ ತೀರಿಕೊಂಡರು. 1968ರ ಆದೇಶ ಹಾಗೇ ಜಾರಿಯಾಗಿಬಿಟ್ಟಿದ್ದರೆ ಆ ಹಾಸಿಗೆಗಳ ಮೇಲೆ ಗುಣವಾದವರು ಎಲ್ಲಿಗೆ ಹೋಗುತ್ತಿದ್ದರೋ ದೇವರೇ ಬಲ್ಲ.

ಸರ್ಕಾರಕ್ಕೆ ಕೇಳುವ ಹಕ್ಕಿಲ್ಲವೇ?

ಖಂಡಿತ ಇದೆ. ಇದನ್ನು ಒಪ್ಪದೆ ಕಿರುಕುಳ ಎಂದು ಕೂಗುವುದು ನ್ಯಾಯವಲ್ಲ. ತನ್ನ ಗಡಿಯೊಳಗೆ ಯಾರು ಬಂದಿದ್ದಾರೆ, ಏಕೆ ಬಂದಿದ್ದಾರೆ, ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಯಾವುದೇ ಸರ್ಕಾರದ ಕರ್ತವ್ಯ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಎರಡು ಮುಖಗಳನ್ನು ಹೇಳುತ್ತದೆ: ಅನುಕೂಲವುಳ್ಳ ನಾಡು ಪರದೇಶಿಯನ್ನು ಸಾಧ್ಯವಾದಮಟ್ಟಿಗೆ ಬರಮಾಡಿಕೊಳ್ಳಬೇಕು, ಬಂದವನು ಆ ನಾಡಿನ ಕಾನೂನನ್ನು ಗೌರವಿಸಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ಬಿಗಿ. ಸ್ವಾತಂತ್ರ್ಯಕ್ಕೆ ಮೊದಲೇ ಬಂದ 1946ರ ವಿದೇಶಿಯರ ಕಾಯ್ದೆ ಕೇಂದ್ರ ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಟ್ಟಿತ್ತು. 1955ರಲ್ಲಿ ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಿಯನ್ನು ಹೊರಹಾಕುವ ಈ ಅಧಿಕಾರಕ್ಕೆ ಸಂವಿಧಾನದಲ್ಲಿ ಮಿತಿ ಇಲ್ಲ ಎಂದಿತು. 1937ರಲ್ಲೇ ಭಾರತಕ್ಕೆ ಬಂದು ಇಲ್ಲೇ ಮುದುಕರಾದ ಬೆಲ್ಜಿಯಂ ಮೂಲದ ಧರ್ಮಪ್ರಚಾರಕ ಲೂಯಿ ಡಿ ರೇಟ್ ಅವರು ತಮ್ಮನ್ನು ಕಳುಹಿಸಬಾರದೆಂದು ಅದೇ ನ್ಯಾಯಾಲಯಕ್ಕೆ ಹೋದಾಗ 1991ರಲ್ಲಿ ಬಂದ ತೀರ್ಪೂ ಹಾಗೆಯೇ ಇತ್ತು: ಸಂವಿಧಾನದ 21ನೇ ವಿಧಿಯಂತೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ವಿದೇಶಿಗೂ ಉಂಟು, ಆದರೆ ಇಲ್ಲೇ ನೆಲೆಸುವ ಹಕ್ಕು ನಾಗರಿಕನಿಗೆ ಮಾತ್ರ. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆಗಳು, ವಿದ್ಯಾಸಂಸ್ಥೆಗಳು ತಾವೇ ತಿಳಿಸಬೇಕೆಂಬ ಹೊಣೆಯನ್ನು ಅದು ಸ್ಪಷ್ಟವಾಗಿ ಹೊರಿಸಿದೆ.

ಅನುಮಾನಕ್ಕೂ ಇತಿಹಾಸವಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ, ಮಂಗಳೂರಿನಿಂದ ಧಾರವಾಡದವರೆಗೆ ಶಾಲೆ, ಮುದ್ರಣಾಲಯ, ಚಿಕಿತ್ಸಾಲಯ ನಡೆಸುತ್ತಿದ್ದ ಬಾಸೆಲ್ ಮಿಷನ್‌ನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿ ಮುಂದೆ ತಾಯ್ನಾಡಿಗೆ ಕಳುಹಿಸಿತು. ಅಂದರೆ ಆಳುವವರು ಕ್ರೈಸ್ತರಾದ ಮಾತ್ರಕ್ಕೆ ಕಿರುಕುಳ ತಪ್ಪಲಿಲ್ಲ. ಸ್ವಾತಂತ್ರ್ಯದ ಮೇಲೆ ಮಧ್ಯಪ್ರದೇಶ ಸರ್ಕಾರ 1954ರಲ್ಲಿ ನೇಮಿಸಿದ ನಿಯೋಗಿ ಸಮಿತಿ 1956ರ ತನ್ನ ವರದಿಯಲ್ಲಿ, ಮತಾಂತರವೇ ಮುಖ್ಯ ಕೆಲಸವಾದ ವಿದೇಶಿ ಮಿಷನರಿಗಳನ್ನು ವಾಪಸು ಕಳುಹಿಸಬೇಕೆಂದಿತು. ಆಸ್ಪತ್ರೆ, ಶಾಲೆಗಳು ಆಮಿಷವೆಂಬ ಮಾತು ಆಗಿನಿಂದ ಹರಿದಾಡುತ್ತಲೇ ಇದೆ.

ಈ ಮಾತಿಗೆ ಸಿಟ್ಟಾಗುವ ಮೊದಲು ನಮ್ಮ ಧರ್ಮಸಭೆ ಏನು ಹೇಳಿದೆ ನೋಡೋಣ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ಬಡವರ ಮತ್ತು ಅಕ್ಷರ ಬಾರದವರ ನಡುವೆ ಒತ್ತಾಯವೋ ಅನುಚಿತ ಪುಸಲಾವಣೆಯೋ ಕಾಣುವಂಥ ಯಾವ ರೀತಿಯನ್ನೂ ಅನುಸರಿಸಬಾರದೆಂದು ವಿಧಿಸಿದೆ. ಗಾಯ ಕಟ್ಟುವುದು ಗಾಯಕ್ಕಾಗಿ. ರೋಗಿ ಗುಣವಾಗಿ ತನ್ನ ದೇವಸ್ಥಾನಕ್ಕೋ ಮಸೀದಿಗೋ ಹೋಗಿ ಕೈಮುಗಿದರೆ ನಮ್ಮ ಕೆಲಸ ಅಪೂರ್ಣವಾಯಿತು ಎಂದು ಯಾರಾದರೂ ಭಾವಿಸಿದ್ದರೆ ಅವರು ಶುಭಸಂದೇಶವನ್ನು ಸರಿಯಾಗಿ ಓದಿಲ್ಲ.

ಹತ್ತು ಮಂದಿ ಕುಷ್ಠರೋಗಿಗಳು, ಒಬ್ಬ ಪರದೇಶಿ

ಸಂತ ಲೂಕರ ಶುಭಸಂದೇಶದ 17ನೆಯ ಅಧ್ಯಾಯ ತೆರೆಯಿರಿ. ಯೇಸುಸ್ವಾಮಿ ಹೋಗುತ್ತಿದ್ದದ್ದು ಸಮಾರಿಯ ಮತ್ತು ಗಲಿಲೇಯದ ಗಡಿಯಲ್ಲಿ. ಗಡಿನಾಡಿನ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಎರಡು ಭಾಷೆ, ಎರಡು ಕಚೇರಿ, ಹಾಗೂ ಎರಡೂ ಕಡೆ ಬೇಡವಾದವರು. ಹತ್ತು ಮಂದಿ ದೂರದಿಂದಲೇ ಕೂಗಿ ಕರುಣೆ ಬೇಡಿದರು. ಸ್ವಾಮಿ ಅವರಿಗೆ ಹೇಳಿದ್ದೇನು? ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎಂದರು. ಆ ಕಾಲದಲ್ಲಿ ಕುಷ್ಠ ವಾಸಿಯಾಗಿದೆ ಎಂದು ಪರೀಕ್ಷಿಸಿ ಒಪ್ಪಿಗೆ ಕೊಡುವ ಅಧಿಕಾರ ಯಾಜಕರದ್ದು. ಯಾಜಕಕಾಂಡದಲ್ಲಿ ಅದರ ಕ್ರಮವಿದೆ. ಅಂದರೆ ಸ್ವಾಮಿ ಕಚೇರಿಯನ್ನು ಕಡೆಗಣಿಸಲಿಲ್ಲ. ಆದರೆ ಅವರು ಗುಣವಾದದ್ದು ದಾರಿಯಲ್ಲಿ. ದೇವರ ಕರುಣೆ ಕಚೇರಿಯ ಮೊಹರಿಗೆ ಕಾಯಲಿಲ್ಲ. ಮರಳಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನು ಪರದೇಶಿ ಎಂಬುದನ್ನು ಸ್ವಾಮಿಯೇ ಎತ್ತಿ ಹೇಳಿದರು.

ಅದೇ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಗ್ಗಿ ಹೋಗಿದ್ದ ಹೆಂಗಸೊಬ್ಬಳನ್ನು ಸಬ್ಬತ್ ದಿನ ಗುಣಪಡಿಸಿದಾಗ, ಪ್ರಾರ್ಥನಾಮಂದಿರದ ಅಧ್ಯಕ್ಷ ಸಿಟ್ಟಾಗುತ್ತಾನೆ. ಕೆಲಸಕ್ಕೆ ಆರು ದಿನಗಳಿವೆ, ಆಗ ಬಂದು ಗುಣಮಾಡಿಸಿಕೊಳ್ಳಿ ಎಂಬುದು ಅವನ ವಾದ. ಅವನು ಕೆಟ್ಟವನೇನಲ್ಲ. ನಿಯಮ ಓದಿದ್ದಾನೆ, ಅಷ್ಟೇ. ತಾಲ್ಲೂಕು ಕಚೇರಿಯಲ್ಲಿ ನಾಳೆ ಬನ್ನಿ ಎನ್ನುವವರನ್ನು ನೋಡಿದ ನಮಗೆ ಅವನ ಗುರುತು ಚೆನ್ನಾಗಿಯೇ ಇದೆ.

ಸಂತ ಥಾಮಸ್ ಅಕ್ವಿನಾಸರು ಕಾನೂನಿಗೆ ಕೊಟ್ಟ ಲಕ್ಷಣ ಗುರುವಿದ್ಯಾಮಂದಿರದಲ್ಲಿ ಓದಿದ ಎಲ್ಲರಿಗೂ ಬಾಯಿಪಾಠ. ಕಾನೂನು ವಿವೇಚನೆಯ ಆಜ್ಞೆಯಾಗಿರಬೇಕು, ಎಲ್ಲರ ಹಿತಕ್ಕಾಗಿರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬಂದಿರಬೇಕು, ಜನಕ್ಕೆ ತಿಳಿಸಿರಬೇಕು. ವಿವೇಚನೆಯ ಆಜ್ಞೆ ಎಂದಮೇಲೆ ಅದಕ್ಕೆ ಕಾರಣವಿರಬೇಕು, ಕೇಳಿದರೆ ಹೇಳುವಂತಿರಬೇಕು. ಅವರೇ ಇನ್ನೊಂದು ಸದ್ಗುಣದ ಬಗ್ಗೆಯೂ ಬರೆದಿದ್ದಾರೆ, ಗ್ರೀಕ್ ಭಾಷೆಯಲ್ಲಿ ಅದಕ್ಕೆ ಎಪಿಕೇಯ ಎನ್ನುತ್ತಾರೆ. ಕಾನೂನು ಬರೆಯುವವನು ಸಾಮಾನ್ಯ ಸಂಗತಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಾನೆ, ಎಲ್ಲ ಸಂದರ್ಭಗಳನ್ನೂ ಅವನು ಊಹಿಸಲಾರ. ಅಕ್ಷರಕ್ಕೆ ಅಂಟಿಕೊಂಡರೆ ಕಾನೂನಿನ ಉದ್ದೇಶವೇ ಕೆಡುವಂಥ ಕಡೆ ಉದ್ದೇಶವನ್ನು ಕಾಪಾಡುವುದೇ ನ್ಯಾಯ. ವಿದೇಶಿಯರ ಕಾಯ್ದೆ ಇರುವುದು ದೇಶದ ಜನರ ರಕ್ಷಣೆಗೆ. ಆ ಜನರಲ್ಲಿ ಸುಮನಹಳ್ಳಿಯ ರೋಗಿಯೂ ಒಬ್ಬ. ಅವನ ಕೈಯಿಂದ ದಾದಿಯನ್ನು ಕಿತ್ತುಕೊಂಡು ಅವನನ್ನು ರಕ್ಷಿಸಿದೆವು ಎಂದರೆ ಆ ಮಾತಿಗೆ ಅರ್ಥವಿದೆಯೇ? 2011ರಲ್ಲಿ ಗೃಹ ಸಚಿವರು ಮಾಡಿದ್ದು ನಿಜವಾಗಿ ನೋಡಿದರೆ ಎಪಿಕೇಯದ ಕೆಲಸ. ಕೊರತೆ ಏನೆಂದರೆ, ಅದು ಕೆಳಗಿನ ಮೇಜಿನ ಮೇಲೆಯೇ ಆಗಬೇಕಿತ್ತು. ದಿಲ್ಲಿಯವರೆಗೆ ಕೂಗು ಹೋಗಬೇಕಾದದ್ದು ವ್ಯವಸ್ಥೆಯ ಆರೋಗ್ಯ ಲಕ್ಷಣವಲ್ಲ.

ಕಿರುಕುಳದ ರೂಪ

ಕಿರುಕುಳ ಎಂದಕೂಡಲೇ ಲಾಠಿ, ಜೈಲು ಕಣ್ಣಿಗೆ ಬರುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಅದು ಗುಂಪಿನ ಕ್ರೌರ್ಯ, ಅದಕ್ಕೆ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಸರ್ಕಾರದ ಕಿರುಕುಳ ಬೇರೆ ಜಾತಿಯದು. ಅದಕ್ಕೆ ಬೆಂಕಿ ಬೇಡ. ನವೀಕರಣದ ಅರ್ಜಿಗೆ ಉತ್ತರ ಬರುವುದಿಲ್ಲ. ಒಂದು ಕಾಗದ ಕೊಟ್ಟರೆ ಇನ್ನೊಂದು ಕೇಳುತ್ತಾರೆ. ಕಾರಣ ಕೇಳಿದರೆ ಮೇಲಿನಿಂದ ಬಂದಿದೆ ಎನ್ನುತ್ತಾರೆ. ಮನುಷ್ಯ ಸುಸ್ತಾಗಿ ತಾನೇ ಹೊರಡುತ್ತಾನೆ.

ಹಣದ ದಾರಿಯೂ ಒಂದು. ವಿದೇಶಿ ದೇಣಿಗೆಗೆ ಮೊದಲು ಕಾಯ್ದೆ ಬಂದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. ಅದರ ಜಾಗಕ್ಕೆ ಬಂದ 2010ರ ಕಾಯ್ದೆ ಜಾರಿಯಾದದ್ದು 2011ರ ಮೇ 1ರಂದು. 2020ರ ತಿದ್ದುಪಡಿ ಇನ್ನೂ ಬಿಗಿ ಮಾಡಿ, ದೇಣಿಗೆ ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕೆಂದಿತು, ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವುದನ್ನು ನಿಲ್ಲಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಮದರ್ ತೆರೇಸರ ಸಭೆಯ ನೋಂದಣಿ ನವೀಕರಣವನ್ನು 2021ರ ಡಿಸೆಂಬರ್ 25ರಂದು, ಅಂದರೆ ಕ್ರಿಸ್ತಜಯಂತಿಯ ದಿನ, ನಿರಾಕರಿಸಿ, 2022ರ ಜನವರಿ ಮೊದಲ ವಾರದಲ್ಲೇ ಮತ್ತೆ ಕೊಟ್ಟಾಗ, ಎರಡು ವಾರದಲ್ಲಿ ಆ ಕಡತದಲ್ಲಿ ಬದಲಾದದ್ದೇನು ಎಂದು ಸಾಮಾನ್ಯ ಜನ ಕೇಳಿದ್ದರಲ್ಲಿ ಆಶ್ಚ್ಯರ್ಯವಿಲ್ಲ.

ಇದು ನಮ್ಮ ದೇಶವೊಂದರದೇ ರೋಗವೆಂದು ತಿಳಿಯಬೇಡಿ. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ಸೋಂಕು ತಗಲಿದಾಗ, ಅಲ್ಲಿನ ಸರ್ಕಾರ 1999ರಲ್ಲಿ ಬಲ್ಗೇರಿಯಾದ ಐವರು ದಾದಿಯರನ್ನೂ ಪ್ಯಾಲೆಸ್ತೀನ್ ಮೂಲದ ಒಬ್ಬ ವೈದ್ಯನನ್ನೂ ಹಿಡಿದು ಬೇಕೆಂದೇ ಸೋಂಕು ಹಬ್ಬಿಸಿದರೆಂದು ಆರೋಪಿಸಿತು. ಆ ದಾದಿಯರು ಬರುವ ಮೊದಲೇ ಆಸ್ಪತ್ರೆಯಲ್ಲಿ ಸೋಂಕಿತ್ತು, ಅಶುಚಿಯೇ ಅದರ ಮೂಲ ಎಂದು ವಿಜ್ಞಾನಿಗಳು ವರದಿ ಕೊಟ್ಟರೂ, 2004ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಮರಣದಂಡನೆ ವಿಧಿಸಲಾಯಿತು. ಎಂಟು ವರ್ಷಕ್ಕೂ ಹೆಚ್ಚು ಸೆರೆಯ ನಂತರ 2007ರ ಜುಲೈ 24ರಂದು ಬಿಡುಗಡೆಯಾಯಿತು. ತನ್ನ ಆಸ್ಪತ್ರೆಯ ಕೊಳೆ ಮುಚ್ಚಲು ಪರದೇಶಿಯ ಮೇಲೆ ಬೆರಳು ತೋರಿಸುವುದು ಸುಲಭ. ಅವನ ಪರವಾಗಿ ಮತ ಹಾಕುವವರು ಅಲ್ಲಿ ಯಾರೂ ಇಲ್ಲವಲ್ಲ. 2009ರ ಮಾರ್ಚ್‌ನಲ್ಲಿ ಸುಡಾನ್ ತನ್ನ ಅಧ್ಯಕ್ಷನ ಮೇಲೆ ಅಂತರರಾಷ್ಟ್ರೀಯ ವಾರಂಟ್ ಹೊರಟ ಕೂಡಲೇ 13 ವಿದೇಶಿ ಸೇವಾ ಸಂಸ್ಥೆಗಳನ್ನು ಹೊರಹಾಕಿತು. ಪೆಟ್ಟು ಬಿದ್ದದ್ದು ಡಾರ್ಫುರ್‌ನ ಶಿಬಿರಗಳಲ್ಲಿ ಔಷಧಕ್ಕೆ ಸಾಲು ನಿಂತಿದ್ದವರಿಗೆ.

2022ರ ಜುಲೈ 6ರಂದು ಮಧ್ಯ ಅಮೆರಿಕದ ನಿಕರಾಗುವಾ ಸರ್ಕಾರ ಮದರ್ ತೆರೇಸರ ಸಭೆಯ 18 ಸಿಸ್ಟರ್‌ಗಳನ್ನು ಗಡಿಗೆ ಕರೆದೊಯ್ದು ಬಿಟ್ಟಿತು. ಅವರು ತಮ್ಮ ಗಂಟುಮೂಟೆಯೊಂದಿಗೆ ಕಾಲ್ನಡಿಗೆಯಲ್ಲಿ ಕೋಸ್ಟರಿಕ ಪ್ರವೇಶಿಸಿದರು. ಹಣದ ಲೆಕ್ಕದ ನಿಯಮ ಪಾಲಿಸಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಅವರಲ್ಲಿ ಭಾರತೀಯರೂ ಇದ್ದರು. ಅಲ್ಲಿ ನೀಲಿ ಅಂಚಿನ ಬಿಳಿ ಸೀರೆ ಪರದೇಶಿಯ ಗುರುತು. ನಮ್ಮ ಹೆಣ್ಣುಮಕ್ಕಳು ದಾದಿಯರಾಗಿ ಕೊಲ್ಲಿ ದೇಶಗಳಲ್ಲಿ, ಯೂರೋಪಿನಲ್ಲಿ ದುಡಿಯುತ್ತಿದ್ದಾರೆ. ಅಲ್ಲಿನ ಕಚೇರಿಯ ಕಿಟಕಿಯ ಮುಂದೆ ಅವರಿಗೆ ಯಾವ ನ್ಯಾಯ ಸಿಗಬೇಕೆಂದು ತಾಯಿ ತಂದೆ ಬಯಸುತ್ತಾರೋ, ಇಲ್ಲಿಗೆ ಬಂದವರಿಗೂ ಅದೇ ಅಳತೆ.

ನಾವು ಮಾಡಬೇಕಾದದ್ದು

ಮೊದಲನೆಯದು ಶಿಸ್ತು. ನಿಮ್ಮ ಮನೆಗೋ ನಮ್ಮ ಧರ್ಮಕೇಂದ್ರಕ್ಕೋ ಕಾನ್ವೆಂಟಿಗೋ ವಿದೇಶಿ ಅತಿಥಿ ಬಂದು ತಂಗಿದರೆ 24 ಗಂಟೆಯೊಳಗೆ ಅದರ ಮಾಹಿತಿ ಸಲ್ಲಿಸಬೇಕು. ಈಗ ಅದನ್ನು ಕಂಪ್ಯೂಟರಿನಲ್ಲೇ ಮಾಡಬಹುದು. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಪೊಲೀಸ್ ವರಿಷ್ಠಾಧಿಕಾರಿಯೇ. ಪ್ರವಾಸಿ ವೀಸಾದಲ್ಲಿ ಬಂದವರಿಂದ ವೈದ್ಯಕೀಯ ಶಿಬಿರ ಮಾಡಿಸುವುದು, ವೇದಿಕೆ ಹತ್ತಿಸಿ ಪ್ರಸಂಗ ಮಾಡಿಸುವುದು ನಿಯಮಕ್ಕೆ ವಿರುದ್ಧ. ಒಳ್ಳೆಯ ಉದ್ದೇಶವಿತ್ತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಇಂಥ ಸಣ್ಣ ಉದಾಸೀನಗಳಿಂದ ಮೂವತ್ತು ವರ್ಷ ನೆಟ್ಟಗೆ ದುಡಿದವರ ಕಡತಕ್ಕೂ ಮಸಿ ಬೀಳುತ್ತದೆ.

ಎರಡನೆಯದು, ಬಾಯಿ. ವಿದೇಶಿಗೆ ಮತವಿಲ್ಲ. ಮಾಹಿತಿ ಹಕ್ಕಿನ 2005ರ ಕಾಯ್ದೆಯಡಿ ಅರ್ಜಿ ಹಾಕುವ ಅಧಿಕಾರವೂ ನಾಗರಿಕನದ್ದೇ. ಆಡಳಿತದ ನಿರ್ಣಯಗಳಿಗೆ ಬಾಧಿತರಿಗೆ ಕಾರಣ ತಿಳಿಸಬೇಕೆಂದು ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಬಾಧಿತ ಯಾರು? ವೀಸಾ ಕಳೆದುಕೊಂಡವರು ಮಾತ್ರವೇ? ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದವರು, ಅವರ ಮಕ್ಕಳು, ಪಕ್ಕದ ಬೀದಿಯವರು ಬಾಧಿತರಲ್ಲವೇ? ಭದ್ರತೆಯ ಹೆಸರಿನಲ್ಲಿ ಉತ್ತರ ಸಿಗದೇ ಹೋಗಬಹುದು. ಆದರೂ ಲಿಖಿತವಾಗಿ, ಗೌರವದಿಂದ, ಸಹಿ ಹಾಕಿ ಕೇಳಿ. ಮನ್ಮಾಡ್‌ನ ರೈತರು ಮಾಡಿದ್ದು ಅದೇ; ಅವರು ಕೇಳಿದ್ದು ಒಂದು ಮತಕ್ಕಾಗಿ ಅಲ್ಲ, ನೀರಿಗಾಗಿ. ಇಂಥ ಮನವಿಗೆ ಸಹಿ ಹಾಕಿಸುವಾಗ ನಮ್ಮ ದೇವಾಲಯದ ಅಂಗಳದಲ್ಲೇ ನಿಲ್ಲಬೇಡಿ, ಸಂತೆಗೂ ಡೇರಿಗೂ ಹೋಗಿ.

ಮೂರನೆಯದು ಒಳ್ಳೆಯ ಸಮಾರಿಯದವನ ಕಥೆಯಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಬ್ಬ ಮನುಷ್ಯನಿಗೆ ಸೇರಿದ್ದು. ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಕಟ್ಟಿದವನು ಪರದೇಶಿ. ಮಾರನೆಯ ದಿನ ಅವನು ಹೊರಟುಹೋದ. ಹೋಗುವ ಮೊದಲು ಎರಡು ನಾಣ್ಯ ಕೊಟ್ಟು ರೋಗಿಯನ್ನು ಛತ್ರದ ಯಜಮಾನನಿಗೆ ಒಪ್ಪಿಸಿದ. ಆ ಯಜಮಾನ ಬಹುಶಃ ಆ ಊರಿನವನು. ಗಾಯಾಳು ಎದ್ದು ನಡೆದದ್ದು ಅವನ ಆರೈಕೆಯಿಂದ. ಸಿಸ್ಟರ್ ಜೀನ್ ಅವರ ಪೀಳಿಗೆಯ ಪರದೇಶಿ ಸೇವಕರು ಈಗ ಬಹಳ ಕಡಿಮೆ, ಹೊಸಬರು ಬರುವುದು ಇನ್ನೂ ಕಡಿಮೆ. ಅವರು ಕಟ್ಟಿದ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಗೆ ನಿಲ್ಲುವವರು ನಮ್ಮ ಮಕ್ಕಳೇ ಆಗಬೇಕು. ನರ್ಸಿಂಗ್ ಓದುವ ನಮ್ಮ ಹುಡುಗಿಯರೆಲ್ಲ ಕೊಲ್ಲಿಗೆ ಹೋಗುವ ಯೋಚನೆಯಲ್ಲೇ ಇದ್ದರೆ ಅವರನ್ನು ಬೈದು ಫಲವಿಲ್ಲ. ಮಿಷನ್ ಆಸ್ಪತ್ರೆಗಳು ಅವರಿಗೆ ಕೊಡುವ ಸಂಬಳವನ್ನೂ ನೋಡಬೇಕು. ಅದು ಇನ್ನೊಂದು ವಾರದ ವಿಷಯ.

ಈ ವಾರದ ಪ್ರಾರ್ಥನಾಕೂಟದಲ್ಲಿ ಸಂತ ಲೂಕ 17:11–19 ಓದಿ, ಮನೆಮಂದಿ ಕೂತು ಇಷ್ಟು ಮಾತಾಡಿಕೊಳ್ಳಿ: ನಮ್ಮ ಮನೆಯಲ್ಲಿ ಪರದೇಶದ ವೈದ್ಯರಿಂದಲೋ ದಾದಿಯಿಂದಲೋ ಬದುಕಿದವರು ಯಾರಾದರೂ ಇದ್ದಾರೆಯೇ, ಆ ಕಥೆ ಮಕ್ಕಳಿಗೆ ಗೊತ್ತೇ? ಸರ್ಕಾರ ನ್ಯಾಯವಾಗಿ ಕೇಳಿದ ಲೆಕ್ಕ ಯಾವುದು, ಸತಾಯಿಸಲು ಕೇಳಿದ್ದು ಯಾವುದು ಎಂದು ನಾವು ಹೇಗೆ ಗುರುತಿಸುತ್ತೇವೆ? ನಮ್ಮ ಊರಿನಲ್ಲಿ ಕುಷ್ಠದಿಂದ ಗುಣವಾಗಿಯೂ ಕಾಲಿನ ಹುಣ್ಣು ಮಾಯದವರು ಎಷ್ಟು ಮಂದಿ, ಅವರಿಗೆ ಚಪ್ಪಲಿ ಕೊನೆಯದಾಗಿ ಸಿಕ್ಕಿದ್ದು ಯಾವಾಗ?